ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳ್ತೀರಲ್ಲ!

ಇವತ್ತು ರಾಜಕೀಯ ಇಲ್ಲ. ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರ ಕುರ್ಚಿ ಅಲುಗಾಡ್ತಾ ಇದೆ ಅನ್ನೋದನ್ನೆಲ್ಲ ನಾಳೆ ನೋಡೋಣ. ಇವತ್ತು ಪುಸ್ತಕದ ಮಾತು. ಅದೂ ಹೆಣ್ಣುಮಕ್ಕಳು ಬರೆದ ಪುಸ್ತಕಗಳ ಮಾತು. ಈಗಾಗಲೇ ರಿಮೋಟ್ ಹುಡುಕ್ತಾ ಇರೋ ಯಜಮಾನರೇ, ಸ್ವಲ್ಪ ತಾಳಿ. ಒಳಗೆ ಪಾತ್ರೆ ತೊಳೀತಾ ಇರೋರಿಗಿಂತ ಸೋಫಾ ಮೇಲೆ ಕಾಲು ಚಾಚಿ ಕೂತಿರೋ ನಿಮಗೇ ಇದು ಹೆಚ್ಚು ಸಂಬಂಧಪಟ್ಟಿದ್ದು.

ಸುದ್ದಿಮನೆಯಲ್ಲಿ ಕೂತವರಿಗೆ ಒಂದು ದೃಶ್ಯ ಬಾಯಿಪಾಠ ಆಗಿರುತ್ತೆ. ಒಬ್ಬ ಹೆಣ್ಣುಮಗಳ ಸಾವಿನ ಸುದ್ದಿ ಬರುತ್ತೆ. ವರದಕ್ಷಿಣೆಯೋ, ಗಂಡನ ಹೊಡೆತವೋ, ಬಾಣಂತನದಲ್ಲಿ ಮನಸ್ಸು ಕೆಟ್ಟಿದ್ದೋ. ಅವಳ ಮದುವೆ ಫೋಟೋ ತೆರೆ ಮೇಲೆ ಬರುತ್ತೆ. ಮೇಜಿನ ಸುತ್ತ ನಾಲ್ಕು ಜನ ಕೂರ್ತಾರೆ. ಆ ನಾಲ್ವರಲ್ಲಿ ಒಬ್ಬರು ಕೇಳೇ ಕೇಳ್ತಾರೆ: ‘ಅವಳು ಮೊದಲೇ ಯಾಕೆ ಹೇಳಲಿಲ್ಲ? ತವರುಮನೆಗೆ ಯಾಕೆ ಹೋಗಲಿಲ್ಲ?’

ಹೇಳಿದ್ದಾರೆ ಸ್ವಾಮಿ. ನೂರು ವರ್ಷದಿಂದ ಹೇಳ್ತಾನೇ ಇದ್ದಾರೆ. ಇಂಗ್ಲಿಷಿನಲ್ಲಲ್ಲ, ಫ್ರೆಂಚಿನಲ್ಲಲ್ಲ, ಅಚ್ಚ ಕನ್ನಡದಲ್ಲಿ ಹೇಳಿದ್ದಾರೆ. ಅಚ್ಚಾಗಿದೆ, ಮಾರಾಟ ಆಗಿದೆ, ಸಿನಿಮಾನೂ ಆಗಿದೆ. ನಮ್ಮ ಘನ ಪಂಡಿತರು ಅದಕ್ಕೆ ‘ಅಡುಗೆಮನೆ ಸಾಹಿತ್ಯ’ ಅಂತ ಒಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದರು. ಅಡುಗೆಮನೆ ಅಂದರೆ ಅಷ್ಟು ಸದರವೇನ್ರೀ? ಎಷ್ಟು ಹೆಣ್ಣುಮಕ್ಕಳು ಬೆಂದುಹೋದದ್ದು ಅಲ್ಲೇ ಅಲ್ವಾ?

ಈ ಮಾತು ಈಗ ಯಾಕೆ ಅಂದರೆ, 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ. ಸಣ್ಣಕತೆಗಳ ಸಂಕಲನಕ್ಕೂ ಅದೇ ಮೊದಲ ಸಲ. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. 50,000 ಪೌಂಡ್ ಬಹುಮಾನ ಇಬ್ಬರಿಗೂ ಸಮಪಾಲು. ನಾವೂ ಇಡೀ ದಿನ ಸುದ್ದಿ ಓಡಿಸಿದೆವು, ಪಟಾಕಿ ಒಂದೇ ಬಾಕಿ. ಆಮೇಲೆ ವೀಕ್ಷಕರ ಸಂದೇಶಗಳು ಶುರುವಾದವು. ‘ಸಾರ್, ಹಾರ್ಟ್ ಲ್ಯಾಂಪ್ ತಗೊಂಡೆ. ಇನ್ನೇನು ಓದಲಿ?’ ಒಳ್ಳೆಯ ಪ್ರಶ್ನೆ. ಆದರೆ ಕನ್ನಡದವರೇ, ಕನ್ನಡದ ಕತೆಯನ್ನ ಮೊದಲು ಕನ್ನಡದಲ್ಲೇ ಓದಿ. ‘ಎದೆಯ ಹಣತೆ’ ಅನ್ನೋದು ಆ ಕತೆಯ ಮೂಲ ಹೆಸರು.

ಅದರಲ್ಲಿ ಮೆಹರುನ್ ಅಂತ ಒಬ್ಬಳು. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಇವಳು ಕೈಗೂಸನ್ನ ಎತ್ತಿಕೊಂಡು ತವರಿಗೆ ಬರ್ತಾಳೆ. ಗಮನಿಸಿ, ತವರಿಗೆ ಬರ್ತಾಳೆ! ಮೇಜಿನ ಸುತ್ತ ಕೂತವರು ಕೇಳ್ತಾರಲ್ಲ, ‘ತವರಿಗೆ ಯಾಕೆ ಹೋಗಲಿಲ್ಲ’ ಅಂತ? ಹೋಗಿದ್ದಾಳೆ. ಅಲ್ಲಿ ಏನಾಗುತ್ತೆ? ಮನೆ ಮಾನ, ಮರ್ಯಾದೆ, ಬಂದವರು ಹೋದವರು ಏನಂತಾರೆ. ಅಣ್ಣತಮ್ಮಂದಿರೇ ಅವಳನ್ನ ವಾಪಸ್ ತಂದು ಗಂಡನ ಮನೆ ಬಾಗಿಲಿಗೆ ಬಿಡ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಡಬ್ಬಿಗೆ ಕೈ ಹಾಕ್ತಾಳೆ. ಅವಳನ್ನ ತಡೆಯೋದು ಪೊಲೀಸಲ್ಲ, ಜಮಾತಲ್ಲ, ಅಣ್ಣಂದಿರಲ್ಲ. ತಂಗಿಯನ್ನ ಕಂಕುಳಲ್ಲಿಟ್ಟುಕೊಂಡು ಓಡಿಬಂದ ಅವಳದೇ ಮಗಳು. ಸಾವಿನ ಸುದ್ದಿಗೆ ಚಾನೆಲ್‌ನಲ್ಲಿ ಸಿಗೋದು 2 ನಿಮಿಷ. ಆ 2 ನಿಮಿಷಕ್ಕೆ ಮುಂಚಿನ ವರ್ಷಗಳು ಈ ಕತೆಯಲ್ಲಿವೆ. ಎಷ್ಟು ಬಾಗಿಲು ತಟ್ಟಿದಳು, ಯಾವ ಬಾಗಿಲನ್ನ ಯಾರು ಹಾಕಿದರು ಅನ್ನೋ ಲೆಕ್ಕ ಇದೆ. ಬಾನು ಮುಷ್ತಾಕ್ ವಕೀಲರು, ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಆ ಕಣ್ಣು ಕತೆಯಲ್ಲೂ ಕಾಣುತ್ತೆ. ಅವರ ‘ಕರಿ ನಾಗರಗಳು’ ಕತೆಯನ್ನ ಗಿರೀಶ್ ಕಾಸರವಳ್ಳಿ ‘ಹಸೀನಾ’ ಅಂತ ಸಿನಿಮಾ ಮಾಡಿದರು. ಅದರ ಅಭಿನಯಕ್ಕೆ ತಾರಾಗೆ ರಾಷ್ಟ್ರಪ್ರಶಸ್ತಿ ಬಂತು. ತಾರಾ ನೆನಪಿದ್ದಾರೆ, ಕತೆ ಬರೆದವರು ಯಾರು ಅಂತ ಬೂಕರ್ ಬರೋವರೆಗೂ ಎಷ್ಟು ಜನಕ್ಕೆ ಗೊತ್ತಿತ್ತು?

ಇದು ನಮ್ಮ ಹಳೇ ಕಾಯಿಲೆ. ‘ಶರಪಂಜರ’ ಅಂದ ತಕ್ಷಣ ಏನು ನೆನಪಾಗುತ್ತೆ? ಕಲ್ಪನಾ. ಕಲ್ಪನಾ ಸೀರೆ, ಕಲ್ಪನಾ ನಗು. ಇನ್ನೂ ಸ್ವಲ್ಪ ತಿಳಿದವರು ಪುಟ್ಟಣ್ಣ ಕಣಗಾಲ್ ಅಂತಾರೆ. ಒಪ್ಪಿದೆ, 1971ರ ಆ ಸಿನಿಮಾ ದೊಡ್ಡದೇ. ಆದರೆ ಆ ಕಾವೇರಿಯನ್ನ ಹೆತ್ತವರು ತ್ರಿವೇಣಿ. ಮೈಸೂರಿನ ಅನಸೂಯಾ ಶಂಕರ್. ಮನಶ್ಶಾಸ್ತ್ರ ಓದಿಕೊಂಡ ಹೆಣ್ಣುಮಗಳು.

ಕಾವೇರಿಗೆ ಆಗಿದ್ದೇನು? ಹಳ್ಳಿಯಲ್ಲಿ ‘ಬಾಣಂತಿ ಸನ್ನಿ’ ಅಂತಾರೆ. ಹೆರಿಗೆ ಆದಮೇಲೆ ಮನಸ್ಸು ಹಳಿ ತಪ್ಪೋದು. ಇವತ್ತಿಗೂ ಎಷ್ಟು ಮನೆಗಳಲ್ಲಿ ಇದನ್ನ ಗಾಳಿ ಮೆಟ್ಟಿದೆ ಅಂತಾನೋ, ಅಹಂಕಾರ ಅಂತಾನೋ ತಳ್ಳಿಹಾಕ್ತಾರೆ. ತ್ರಿವೇಣಿ 60 ವರ್ಷದ ಹಿಂದೆಯೇ ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ, ಇದು ವಾಸಿಯಾಗುತ್ತೆ ಅಂತ ಬರೆದರು. ಕಾವೇರಿಗೆ ವಾಸಿಯೂ ಆಗುತ್ತೆ. ಕಾದಂಬರಿಯ ಜೀವ ಇರೋದು ಅದಾದ ಮೇಲೆ. ವಾಸಿಯಾಗಿ ಮನೆಗೆ ಬಂದವಳನ್ನ ಮನೆ ನಂಬೋದಿಲ್ಲ. ಅವಳು ನಕ್ಕರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ತಾರೆ. ಸಿಟ್ಟು ಮಾಡಿಕೊಂಡರೆ ‘ಮತ್ತೆ ಶುರುವಾಯ್ತು’ ಅಂದುಕೊಳ್ತಾರೆ. ಸಿಟ್ಟು ಬರೋದು ಎಲ್ಲರಿಗೂ ಬರುತ್ತೆ, ಅವಳಿಗೆ ಮಾತ್ರ ಬರೋ ಹಾಗಿಲ್ಲ. ಗಂಡ ಸತೀಶ ಮೊದಲು ಹೇಗೆ ಪ್ರೀತಿಸಿದ್ದ, ಈಗ ಹೇಗೆ ದೂರವಾಗಿದ್ದಾನೆ ಅನ್ನೋದು ಅವಳ ಕಣ್ಣೆದುರೇ ಬಿಚ್ಚಿಕೊಳ್ತಾ ಹೋಗುತ್ತೆ. ಆಸ್ಪತ್ರೆ ಗುಣಪಡಿಸಿ ಕಳಿಸಿದ ಹೆಣ್ಣನ್ನ ಮನೆ ಮತ್ತೆ ಕೆಡವುತ್ತೆ.

ಇಲ್ಲಿ ಒಂದು ಮಾತು. ‘ಇವೆಲ್ಲ ಗಂಡಸರನ್ನ ಬೈಯೋ ಪುಸ್ತಕ’ ಅಂತ ಮೂಗು ಮುರಿಯೋರಿದ್ದಾರೆ. ಓದದೇ ಹೇಳೋ ಮಾತದು. ಸತೀಶ ಮೀಸೆ ತಿರುವೋ ಖಳನಾಯಕ ಅಲ್ಲವೇ ಅಲ್ಲ. ನಿಮ್ಮ ಪಕ್ಕದ ಮನೆಯ ಸಂಭಾವಿತ. ಒಳ್ಳೆ ಉದ್ಯೋಗ, ಒಳ್ಳೆ ಮಾತು. ಹೆದರಿಕೆ ಹುಟ್ಟಿಸೋದೇ ಅದು. ಖಳನಾಯಕ ಆಗಿದ್ದಿದ್ದರೆ ‘ನಾನು ಅವನಲ್ಲ’ ಅಂತ ಪುಸ್ತಕ ಮುಚ್ಚಿಟ್ಟು ಊಟಕ್ಕೆ ಏಳಬಹುದಿತ್ತು.

ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ. ಅಷ್ಟರಲ್ಲಿ ಸುಮಾರು 20 ಕಾದಂಬರಿ ಬರೆದು ಮುಗಿಸಿದ್ದರು. ‘ಬೆಳ್ಳಿಮೋಡ’ನೂ ಅವರದ್ದೇ. ಆಸ್ತಿ ಆಸೆಗೆ ಮದುವೆಗೆ ಒಪ್ಪಿದವನು, ಆಸ್ತಿಗೆ ಗಂಡುಮಗು ವಾರಸುದಾರ ಹುಟ್ಟಿದ ತಕ್ಷಣ ಜಾರಿಕೊಳ್ತಾನೆ. ಆಮೇಲೆ ಅವನು ಬಿದ್ದು ಹಾಸಿಗೆ ಹಿಡಿದಾಗ ಅವಳೇ ಆರೈಕೆ ಮಾಡ್ತಾಳೆ. ಗುಣವಾದ ಮೇಲೆ ಅವನು ಮದುವೆ ಆಗೋಣ ಅಂತಾನೆ. ಅವಳು ‘ಬೇಡ’ ಅಂತಾಳೆ. ಅಷ್ಟೇ. ಭಾಷಣ ಇಲ್ಲ, ಕಪಾಳಕ್ಕೆ ಹೊಡೆತ ಇಲ್ಲ. ನಮ್ಮ ಸಿನಿಮಾಗಳಲ್ಲಿ ನಾಯಕಿ ಇಂಥದ್ದೊಂದು ‘ಬೇಡ’ ಹೇಳಿದ್ದು ಎಷ್ಟು ಸಲ ಎಣಿಸಿ, ಒಂದು ಕೈ ಬೆರಳು ಸಾಕಾಗಬಹುದು.

ಹುಚ್ಚಿ ಅನ್ನಿಸಿಕೊಂಡ ಹೆಣ್ಣಿನ ಮಾತು ಬಂತಲ್ಲ, ವೈದೇಹಿಯವರ ‘ಅಕ್ಕು’ ಅನ್ನೋ ಕತೆಯನ್ನೂ ಇದರ ಜತೆಗೇ ಓದಿ. ಗಂಡ ಬಿಟ್ಟುಹೋದವಳು, ಮನೆಮಂದಿಗೆಲ್ಲ ಅವಳು ಮರುಳಿ. ಕುಂದಾಪುರದ ಕಡೆಯ ಕನ್ನಡ ಮೊದಲ ಎರಡು ಪುಟ ಸ್ವಲ್ಪ ಒರಟು ಅನ್ನಿಸಬಹುದು, ಬಿಡಬೇಡಿ. ಮೂರನೇ ಪುಟಕ್ಕೆ ಆ ಮನೆಯಲ್ಲಿ ನಿಜ ಕಾಣೋ ಕಣ್ಣು ಯಾರದ್ದು ಅಂತ ನಿಮಗೇ ಅನುಮಾನ ಹುಟ್ಟುತ್ತೆ.

ಈಗ ಸ್ವಲ್ಪ ಬಿಸಿ ವಿಷಯಕ್ಕೆ ಬರ್ತೀನಿ.

ತ್ರಿವಳಿ ತಲಾಖ್ ಬಗ್ಗೆ ಈ ದೇಶದಲ್ಲಿ ಎಷ್ಟು ಚರ್ಚೆ ಆಯ್ತು! 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. 2019ರಲ್ಲಿ ಕಾನೂನೇ ಬಂತು. ಎಷ್ಟು ರಾತ್ರಿ, ಎಷ್ಟು ಕಿರುಚಾಟ. ಇದಕ್ಕೆಲ್ಲ 30 ವರ್ಷಕ್ಕೂ ಮೊದಲು, 1980ರ ದಶಕದ ಆರಂಭದಲ್ಲೇ, ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಪರಸ್ಪರ ಇಷ್ಟಪಟ್ಟು ಬಾಳ್ತಾ ಇದ್ದ ಗಂಡ ಹೆಂಡತಿ. ಅವಳ ಅಪ್ಪನ ಹಟ, ಅಪ್ಪನ ದುಡ್ಡಿನ ಲೆಕ್ಕಾಚಾರ ಅವರಿಬ್ಬರನ್ನ ಬೇರೆ ಮಾಡುತ್ತೆ. ತಲಾಖ್ ಆಗಿಹೋಗುತ್ತೆ. ಮತ್ತೆ ಒಂದಾಗಬೇಕು ಅಂದರೆ ಅವಳು ಇನ್ನೊಬ್ಬನನ್ನ ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೀಬೇಕು. ಗಂಡಸರು ಮಾಡಿದ ತಪ್ಪಿಗೆ ಅವಳ ದೇಹ ದಂಡ ಕಟ್ಟಬೇಕು. ನಾದಿರಾ ಮಸೀದಿಯ ಕೊಳಕ್ಕೆ ಇಳೀತಾಳೆ. ಪುಸ್ತಕ ಸಣ್ಣದು. ಆದರೆ ಓದಿದ ರಾತ್ರಿ ನಿದ್ದೆ ಬರೋದು ಕಷ್ಟ.

ಇದನ್ನ ಹೇಳಿದ ಕೂಡಲೇ ಕೆಲವರ ಮುಖ ಅರಳುತ್ತೆ, ನನಗೆ ಗೊತ್ತು. ‘ನೋಡಿದ್ರಾ, ಅವರಲ್ಲಿ ಹೀಗೇ!’ ಅವರಿಗೆ ನಾನು ಹೇಳೋದಿಷ್ಟೇ: ‘ಚಂದ್ರಗಿರಿಯ ತೀರದಲ್ಲಿ’ ಮುಗಿಸಿದ ಕೈಯಲ್ಲೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಎತ್ತಿಕೊಳ್ಳಿ. ಎರಡನ್ನೂ ಒಂದೇ ಕಪಾಟಿನಲ್ಲಿ, ಅಕ್ಕಪಕ್ಕ ಇಡಿ. ಒಂದನ್ನೇ ಓದೋನು ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ.

ಫಣಿಯಮ್ಮ ಕಟ್ಟುಕತೆಯ ಪಾತ್ರ ಅಲ್ಲ. ಮಲೆನಾಡಿನಲ್ಲಿ ಬದುಕಿದ್ದ ಹೆಂಗಸು, ಲೇಖಕಿಯ ಸಂಬಂಧಿ. 100 ವರ್ಷ ದಾಟಿ ಬದುಕಿದವರು. ಆಟ ಆಡೋ ವಯಸ್ಸಿಗೆ ಮದುವೆ. ಗಂಡ ಅನ್ನಿಸಿಕೊಂಡ ಹುಡುಗ ಹಾವು ಕಚ್ಚಿ ಸತ್ತ. ಅವನ ಮುಖ ಅವಳಿಗೆ ಸರಿಯಾಗಿ ನೆನಪಿತ್ತೋ ಇಲ್ಲವೋ. ಮೈನೆರೆದ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮೂಲೆಗೆ ಕೂರಿಸಿದರು. ಮಡಿ ಹೆಂಗಸು. ಇದನ್ನೆಲ್ಲ ಮಾಡಿದವರು ಯಾರು? ಅವಳನ್ನ ಎತ್ತಿ ಆಡಿಸಿದ ಅಪ್ಪ ಅಮ್ಮ. ಅಳ್ತಾ ಅಳ್ತಾನೇ ಮಾಡಿದರು. ಪ್ರೀತಿ ಇತ್ತು. ಪ್ರೀತಿ ಇದ್ದೂ ಮಾಡಿದರು. ಶಾಸ್ತ್ರ ಅನ್ನೋದರ ಮುಂದೆ ಅಪ್ಪನ ಪ್ರೀತಿಗೆ ಕಾಲು ನಿಲ್ಲಲಿಲ್ಲ. ನಾದಿರಾಳ ಅಪ್ಪ ಹಟಮಾರಿ, ಫಣಿಯಮ್ಮನ ಅಪ್ಪ ಸಾಧು. ಹೆಣ್ಣುಮಕ್ಕಳ ಪಾಲಿಗೆ ಎಷ್ಟು ವ್ಯತ್ಯಾಸ ಆಯ್ತು, ನೀವೇ ಹೇಳಿ.

ಇಂದಿರಾ ಈ ಕತೆಯನ್ನ ಕಣ್ಣೀರಿನಲ್ಲಿ ಅದ್ದಿ ಹೇಳೋದಿಲ್ಲ. ಫಣಿಯಮ್ಮ ಯಾರನ್ನೂ ಶಪಿಸೋದಿಲ್ಲ. ದುಡೀತಾಳೆ, ಹಪ್ಪಳ ಸಂಡಿಗೆ ಮಾಡ್ತಾಳೆ, ಬಾಣಂತಿಯರನ್ನ ನೋಡಿಕೊಳ್ತಾಳೆ, ಎಲ್ಲವನ್ನೂ ನೋಡ್ತಾಳೆ. ಮುಟ್ಟಿದರೆ ಮೈಲಿಗೆ ಅಂತ ಊರು ಹೇಳೋ ಮನೆಗೇ ಹೋಗಿ ಹೆರಿಗೆ ಮಾಡಿಸಿ ಬರ್ತಾಳೆ. ಆಮೇಲೆ ಅದೇ ಊರಿನಲ್ಲಿ ದಾಕ್ಷಾಯಿಣಿ ಅಂತ ಇನ್ನೊಬ್ಬ ಹುಡುಗಿ ವಿಧವೆಯಾದಾಗ, ‘ನಾನು ಕೂದಲು ತೆಗೆಸಿಕೊಳ್ಳಲ್ಲ’ ಅಂತ ನಿಂತಾಗ, ಫಣಿಯಮ್ಮ ಯಾರ ಕಡೆ ನಿಲ್ತಾಳೆ ಗೊತ್ತಾ? ಆ ಹುಡುಗಿ ಕಡೆ! ತನಗಾದದ್ದು ಇವಳಿಗೂ ಆಗಲಿ ಅನ್ನೋ ಅತ್ತೆಯಂದಿರ ಲೋಕದಲ್ಲಿ ‘ನನಗಾದದ್ದು ಸಾಕು’ ಅನ್ನೋ ಮುದುಕಿ. ನನಗೆ ಕನ್ನಡ ಕಾದಂಬರಿಗಳಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಕಂಡಿಲ್ಲ. ಪುಸ್ತಕ ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಸಿನಿಮಾನೂ ಮಾಡಿದರು. ಇಂದಿರಾ ಬರೆಯೋಕೆ ಶುರುಮಾಡಿದ್ದೇ 40 ದಾಟಿದ ಮೇಲೆ. ಮಕ್ಕಳು ದೊಡ್ಡವರಾದರು, ಇನ್ನೇನು ಅಂತ ಟಿವಿ ಮುಂದೆ ಕೂತಿರೋ ತಾಯಂದಿರೇ, ಕೇಳಿಸಿಕೊಂಡ್ರಾ?

ಬರೀ ಕತೆ ಕಾದಂಬರಿ ಅಂದ್ಕೋಬೇಡಿ. ಡಾಕ್ಟರ್ ಅನುಪಮಾ ನಿರಂಜನ ಏನೆಲ್ಲ ಬರೆದರು ನೋಡಿ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’. ಹೆಣ್ಣು ತನ್ನ ಮೈ ಬಗ್ಗೆ ತಾಯಿ ಹತ್ತಿರವೂ ಕೇಳೋಕೆ ನಾಚಿಕೊಳ್ತಿದ್ದ ಕಾಲದಲ್ಲಿ ಒಬ್ಬ ವೈದ್ಯೆ ತಿಳಿಗನ್ನಡದಲ್ಲಿ ಕೂತು ವಿವರಿಸಿದರು. ಕೆಲವು ಸಲಹೆ ಇವತ್ತಿಗೆ ಹಳತಾಗಿವೆ, ನಿಜ. ಆದರೆ ಮನೆಗೆ ಗುಟ್ಟಾಗಿ ಬಂದ ಲೇಡಿ ಡಾಕ್ಟರ್ ಇದ್ದ ಹಾಗೆ ಇದ್ದವು ಆ ಪುಸ್ತಕಗಳು. ಅದೇ ಕೈ ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಬರೆಯಿತು. ಅದೇ ಕೈ ‘ಮಾಧವಿ’ಯನ್ನೂ ಬರೆಯಿತು. ಮಹಾಭಾರತದ ಮಾಧವಿ ಗೊತ್ತಲ್ಲ? ಗಾಲವನಿಗೆ ಗುರುದಕ್ಷಿಣೆ ಕೊಡೋಕೆ 800 ಕುದುರೆ ಬೇಕು. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಪ್ಪು ಇರೋ ಕುದುರೆ. ಯಯಾತಿ ಹತ್ತಿರ ಕುದುರೆ ಇಲ್ಲ, ಮಗಳಿದ್ದಾಳೆ. ಕೊಟ್ಟುಬಿಟ್ಟ. ಒಬ್ಬೊಬ್ಬ ರಾಜನಿಗೂ ಒಂದೊಂದು ಮಗು ಹೆತ್ತುಕೊಟ್ಟು, 200 ಕುದುರೆ ಪಡೆದು, ಮುಂದಿನ ರಾಜನ ಮನೆಗೆ. ಮೂವರು ರಾಜರು ಆದರು, ಕುದುರೆ ಸಾಕಾಗಲಿಲ್ಲ, ಕೊನೆಗೆ ಗುರು ವಿಶ್ವಾಮಿತ್ರನ ಹತ್ತಿರವೇ. ದಾನಶೂರ ಯಯಾತಿ, ಗುರುಭಕ್ತ ಗಾಲವ! ಎಲ್ಲರಿಗೂ ಪುಣ್ಯ. ಅವಳಿಗೆ? ಆಮೇಲೆ ಸ್ವಯಂವರ ಮಾಡಿದರೆ ಅವಳು ಯಾರ ಕೊರಳಿಗೂ ಮಾಲೆ ಹಾಕದೆ ಕಾಡನ್ನ ಆರಿಸಿಕೊಂಡಳು. ಇದು ಪುರಾಣದಲ್ಲೇ ಇದೆ, ಯಾವ ಮಹಿಳಾವಾದಿಯೂ ಸೇರಿಸಿದ್ದಲ್ಲ. ಬಾಡಿಗೆ ತಾಯ್ತನದ ಸುದ್ದಿ ಓದುವಾಗೆಲ್ಲ ನನಗೆ ಆ ಒಂದು ಕಪ್ಪು ಕಿವಿ ನೆನಪಾಗುತ್ತೆ.

ಇನ್ನು, ಕತೆ ಅನ್ನೋ ಪರದೆಯೂ ಬೇಡ ಅಂದವರೊಬ್ಬರಿದ್ದಾರೆ. ಪತ್ರಕರ್ತೆ, ರಂಗಭೂಮಿಯವರು, ಡಾ. ವಿಜಯಮ್ಮ. ಅವರ ಆತ್ಮಕತೆ ‘ಕುದಿ ಎಸರು’. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಸಾರದೊಳಗಿನ ಹಿಂಸೆಯನ್ನ ಇಷ್ಟು ನೇರವಾಗಿ, ತನ್ನ ಹೆಸರು ಹಾಕಿ, ಬರೆದ ಪುಸ್ತಕ ಕನ್ನಡದಲ್ಲಿ ಕಡಿಮೆ. ಓದುವಾಗ ಒಂದು ವಿಷಯ ನೆನಪಿಡಿ. ಗಂಡನ ಕ್ರೌರ್ಯವನ್ನ ಅಪರಾಧ ಅಂತ ಮಾಡಿದ 498ಎ ಬಂದದ್ದು 1983ರಲ್ಲಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದದ್ದು 2005ರಲ್ಲಿ. ಅವರಿಗೆ ಮದುವೆಯಾದ ಕಾಲಕ್ಕೆ ಇದು ಯಾವುದೂ ಇರಲಿಲ್ಲ. ‘ಯಾಕೆ ಹೇಳಲಿಲ್ಲ’ ಅನ್ನೋರು ‘ಯಾರಿಗೆ ಹೇಳಬೇಕಿತ್ತು’ ಅನ್ನೋದಕ್ಕೂ ಒಂದು ಉತ್ತರ ಇಟ್ಟುಕೊಂಡಿರಲಿ. ಪುಸ್ತಕದಲ್ಲಿ ಅಳು ಮಾತ್ರ ಇದೆ ಅಂದುಕೊಂಡರೆ ತಪ್ಪು. ಓದು, ಕೆಲಸ, ಗೆಳೆಯರು, ನಾಟಕ ಎಲ್ಲ ಇದೆ. ಒಬ್ಬ ಹೆಂಗಸು ತನ್ನ ಕಾಲ ಮೇಲೆ ನಿಲ್ಲೋಕೆ ಎಷ್ಟು ಜನರ ಸಣ್ಣ ಸಣ್ಣ ಸಹಾಯ ಬೇಕಾಗುತ್ತೆ ಅನ್ನೋದು ಅಲ್ಲಿ ಕಾಣುತ್ತೆ.

ಅಕಾಡೆಮಿ ಮಾತು ಬಂದಿದ್ದಕ್ಕೆ ಹೇಳ್ತೀನಿ. ಕನ್ನಡಕ್ಕೆ ಮೊದಲ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1955ರಲ್ಲಿ, ಕುವೆಂಪು ಅವರಿಗೆ. ಕನ್ನಡದ ಒಬ್ಬ ಲೇಖಕಿಗೆ ಮೊದಲು ಬಂದದ್ದು ಯಾವಾಗ? 2004ರಲ್ಲಿ. ಕಲಬುರಗಿಯ ಗೀತಾ ನಾಗಭೂಷಣ, ಕಾದಂಬರಿ ‘ಬದುಕು’. ಸುಮಾರು ಅರ್ಧ ಶತಮಾನ! ಅಲ್ಲಿಯವರೆಗೆ ತ್ರಿವೇಣಿ ಬರೆದಿರಲಿಲ್ಲವೇ? ಇಂದಿರಾ? ಅನುಪಮಾ? ಅಡುಗೆಮನೆ ಅಂದವರ ಪಟ್ಟಿಯಲ್ಲಿ ಅವರು ಎಲ್ಲಿದ್ದರು? ಗೀತಾ ಅವರ ಪುಸ್ತಕದಲ್ಲಿ ಆ ಸೀಮೆಯ ಬಡ, ಹಿಂದುಳಿದ ಜಾತಿಯ ಹೆಂಗಸರು ತಮ್ಮದೇ ಭಾಷೆಯಲ್ಲಿ ಬೈತಾರೆ, ಅಳ್ತಾರೆ, ಬದುಕ್ತಾರೆ. ಮೇಲ್ಜಾತಿಯ ಮನೆಯೊಳಗಿನ ಹೆಣ್ಣಿನ ಕಷ್ಟ ಒಂದು ಥರ, ಹೊಲದಲ್ಲಿ ಕೂಲಿ ಮಾಡೋಳ ಕಷ್ಟ ಇನ್ನೊಂದು ಥರ. ಒಂದನ್ನ ಓದಿ ಎಲ್ಲ ಗೊತ್ತಾಯ್ತು ಅನ್ನೋ ಹಾಗಿಲ್ಲ. ಹಾಗೇ ಎ. ರೇವತಿ ಅವರ ಆತ್ಮಕತೆ. ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ, ‘ಬದುಕು ಬಯಲು’ ಅಂತ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳೋಕೆ ಹೊರಟವರ ಕತೆ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸೋ ಮುಂಚೆ ಒಂದು ಸಲ ಓದಿ.

ತೀರ ಹಿಂದಿನದು ಬೇಕಾ? ನಂಜನಗೂಡು ತಿರುಮಲಾಂಬ. ಬಾಲವಿಧವೆ. 1910ರ ದಶಕದಲ್ಲೇ ತಾವೇ ಬರೆದು, ತಾವೇ ಪ್ರಕಾಶನ ಮಾಡಿ, ‘ಕರ್ನಾಟಕ ನಂದಿನಿ’ ಅಂತ ಪತ್ರಿಕೆ ನಡೆಸಿದರು. ಇವತ್ತಿನ ಕಣ್ಣಿಗೆ ಆ ಬರವಣಿಗೆಯಲ್ಲಿ ಸಂಪ್ರದಾಯ ಜಾಸ್ತಿ ಕಾಣಬಹುದು. ಆದರೆ ಯಾವ ಮನೆಯ ಮೂಲೆಯಲ್ಲಿ ಕೂತು ಬರೆದರು ಅನ್ನೋದನ್ನ ಮರೀಬೇಡಿ. ಕೊಡಗಿನ ಗೌರಮ್ಮ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ 27 ವರ್ಷ. ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದಾಗ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಹುಡುಗಿ. ಅವರ ಕತೆಗಳನ್ನ ಈಚೆಗೆ ಇಂಗ್ಲಿಷಿಗೆ ತಂದವರೂ ದೀಪಾ ಭಾಸ್ತಿಯೇ. ಬೂಕರ್‌ಗಿಂತ ಮುಂಚೆಯೇ ಅವರು ಆ ದಾರಿಯಲ್ಲಿದ್ದರು.

‘ಇಷ್ಟೆಲ್ಲ ಯಾವಾಗ ಓದೋದು, ಒಂದು ಹೇಳಿ’ ಅನ್ನೋರಿಗೆ: ‘ಫಣಿಯಮ್ಮ’. ಎರಡು ರಾತ್ರಿ ಸಾಕು. ಮಗ ಕಾಲೇಜಿಗೆ ಹೋಗ್ತಾ ಇದ್ದರೆ ಅವನ ಕೈಗೂ ಕೊಡಿ. ಮಗಳಿಗೆ ಕೊಟ್ಟು ಅವನಿಗೆ ಬಿಡಬೇಡಿ. ಮನೆಯಲ್ಲಿ ಬಾಣಂತಿ ಇದ್ದರೆ ‘ಶರಪಂಜರ’ವನ್ನ ಅವಳಿಗೆ ಈಗಲೇ ಕೊಡಬೇಡಿ, ಅವಳ ಗಂಡನಿಗೆ ಕೊಡಿ.

ದುಡ್ಡು ಖರ್ಚು ಮಾಡಬೇಕಾಗಿಯೂ ಇಲ್ಲ. ಆಸ್ತಿ ತೆರಿಗೆ ಕಟ್ಟುವಾಗ ರಸೀದಿ ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಆ ದುಡ್ಡು ನೀವು ಆಗಲೇ ಕೊಟ್ಟಾಗಿದೆ. ನಿಮ್ಮ ಬಡಾವಣೆಯ ಲೈಬ್ರರಿಗೆ ಹೋಗಿ ಈ ಹೆಸರುಗಳನ್ನ ಕೇಳಿ. ಇಲ್ಲ ಅಂದರೆ ತರಿಸಿಕೊಡಿ ಅಂತ ಒಂದು ಚೀಟಿ ಬರೆದು ಕೊಟ್ಟು ಬನ್ನಿ. ಮುಂದಿನ ವಾರ ಹೋಗಿ ಮತ್ತೆ ಕೇಳಿ.

ಒಂದು ಸಣ್ಣ ಬ್ರೇಕ್. ಆಮೇಲೆ ಮುಖ್ಯಾಂಶಗಳು.